‘ಮನ ಮುಟ್ಟಿತು’ ಬೇಡ: ಮ್ಯಾಂಗೊ ಸ್ಟ್ರೀಟ್ ಓದಿದ ಮಕ್ಕಳಿಂದ ಪ್ರತಿಕ್ರಿಯೆ ಬರೆಸುವುದು ಹೇಗೆ

ಮೊದಲ ಸಲ ‘ಮ್ಯಾಂಗೊ ಸ್ಟ್ರೀಟ್’ ಕಾದಂಬರಿ ಓದಿಸಿ, ‘ನಿಮಗೆ ಏನನ್ನಿಸಿತು, ಒಂದು ಪುಟ ಬರೆದುಕೊಂಡು ಬನ್ನಿ’ ಎಂದು ಹೇಳಿ ಕಳಿಸಿದ್ದೆ. ಮರುದಿನ 40 ಚಿಲ್ಲರೆ ಹಾಳೆ ಬಂದವು. ಅರ್ಧಕ್ಕಿಂತ ಜಾಸ್ತಿ ಹಾಳೆಗಳಲ್ಲಿ ‘ಈ ಕಾದಂಬರಿ ನನ್ನ ಮನ ಮುಟ್ಟಿತು’ ಎಂಬ ಸಾಲು, ಅದರ ಕೆಳಗೆ ಮೊಬೈಲಿನಿಂದ ಇಳಿಸಿದ ಸಾರಾಂಶ. ಉಳಿದವರು ‘ಥೇಟ್ ನಮ್ಮ ಕಥೆಯೇ’ ಎಂದು ಬರೆದಿದ್ದರು. ತಪ್ಪು ಮಕ್ಕಳದ್ದಲ್ಲ, ನನ್ನ ಪ್ರಶ್ನೆಯೇ ಹಾಗಿತ್ತು. ಆಮೇಲೆ ಮೂರು ವರ್ಷ ದಾವಣಗೆರೆಯಲ್ಲಿ ಡಿಗ್ರಿ ಮಕ್ಕಳಿಗೆ ಇದನ್ನೇ ಬೇರೆ ಬೇರೆ ಥರ ಮಾಡಿ ನೋಡಿದ್ದೇನೆ. ಈಗ ಒಂದು ದಾರಿ ಸಿಕ್ಕಿದೆ, ಇಂಗ್ಲಿಷ್ ಪಾಠ ಮಾಡುವವರಿಗೆ ಉಪಯೋಗ ಆಗಬಹುದು.

ಪುಸ್ತಕದ ಬಗ್ಗೆ ಚಿಕ್ಕದಾಗಿ. ಸಾಂಡ್ರಾ ಸಿಸ್ನೆರೋಸ್ ಬರೆದ ‘ದಿ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್’ ಬಂದದ್ದು 1984ರಲ್ಲಿ. ಶಿಕಾಗೋ ಊರಿನ ಮೆಕ್ಸಿಕನ್-ಅಮೆರಿಕನ್ ಹುಡುಗಿ ಎಸ್ಪೆರಾಂಜಾ ದೊಡ್ಡವಳಾಗುವ ಕಥೆ. ಒಟ್ಟು 44 ತುಣುಕುಗಳು, ಕೆಲವು ಅರ್ಧ ಪುಟವೂ ಇಲ್ಲ. ನಮ್ಮ ಕ್ಲಾಸುಗಳಿಗೆ ಇದೇ ದೊಡ್ಡ ಅನುಕೂಲ: ಒಂದು ಪೀರಿಯಡ್‌ನಲ್ಲಿ ಒಂದು ತುಣುಕು ಎರಡು ಸಲ ಓದಿ, ಮಾತಾಡಿ, ಬರೆಸಿಯೂ ಮುಗಿಸಬಹುದು. 44ನ್ನೂ ಕ್ಲಾಸಿನಲ್ಲಿ ಮುಗಿಸುವ ಹಟ ಬೇಡ. ಆರು ಆರಿಸಿಕೊಳ್ಳಿ, ಉಳಿದದ್ದನ್ನು ಬೇಕಾದವರು ಓದಿಕೊಳ್ಳುತ್ತಾರೆ.

ಓದುವ ಮುಂಚೆ ಹತ್ತು ನಿಮಿಷ ಹಿನ್ನೆಲೆ ಹೇಳಲೇಬೇಕು. ಇಲ್ಲದಿದ್ದರೆ ಮಕ್ಕಳು ಇದನ್ನು ಅಮೆರಿಕಕ್ಕೆ ಸಾಫ್ಟ್‌ವೇರ್ ಕೆಲಸಕ್ಕೆ ಹೋದವರ ಕಥೆ ಎಂದುಕೊಳ್ಳುತ್ತಾರೆ. 1846ರಿಂದ 1848ರವರೆಗೆ ಅಮೆರಿಕ ಮತ್ತು ಮೆಕ್ಸಿಕೋ ನಡುವೆ ನಡೆದ ಯುದ್ಧದ ಕೊನೆಗೆ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದ ಆಯಿತು. ಕ್ಯಾಲಿಫೋರ್ನಿಯಾ ಸೇರಿದಂತೆ ಮೆಕ್ಸಿಕೋದ ಬಹುದೊಡ್ಡ ಭಾಗ ಅಮೆರಿಕದ ಪಾಲಾಯಿತು. ಅಲ್ಲಿದ್ದವರು ಕಾಲು ಎತ್ತಿ ಇಡದೆಯೇ ಬೇರೆ ದೇಶದವರಾದರು. ಜಮೀನು ಉಳಿಸಿಕೊಡುತ್ತೇವೆ ಎಂಬ ಮಾತಿದ್ದರೂ ಎಷ್ಟೋ ಜನ ಕಾಲಾನಂತರ ಅದನ್ನು ಕಳೆದುಕೊಂಡರು. ಇದು ಒಂದು ಎಳೆ. ಇನ್ನೊಂದು ಎಳೆ ಶಿಕಾಗೋದ್ದು. ಅಲ್ಲಿಗೆ ಮೆಕ್ಸಿಕೋದವರು ಹೆಚ್ಚಾಗಿ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ, ರೈಲ್ವೆ, ಉಕ್ಕಿನ ಕಾರ್ಖಾನೆ, ಮಾಂಸದ ಕಾರ್ಖಾನೆಗಳ ಕೆಲಸಕ್ಕೆ. ಎಸ್ಪೆರಾಂಜಾಳ ಅಪ್ಪ ಈ ಎರಡನೇ ಎಳೆಯವನು, ಗಡಿ ದಾಟಿ ಬಂದವನು. ಎರಡನ್ನೂ ಕಲೆಸಿ ಹೇಳಬೇಡಿ, ನಾನು ಒಂದು ಸಲ ಕಲೆಸಿ ಹೇಳಿ ಆಮೇಲೆ ಪಾಡು ಪಟ್ಟಿದ್ದೇನೆ.

ಇನ್ನು ಬರೆಸುವ ವಿಷಯ. ನಾನು ಮೂರೇ ಕೆಲಸ ಕೇಳುತ್ತೇನೆ. ಪುಸ್ತಕದಿಂದ ಒಂದು ಸಾಲು ಎತ್ತಿ ಬರಿ. ಅದನ್ನು ಓದಿದಾಗ ನಿನ್ನ ಮನೆಯ, ಓಣಿಯ, ಊರಿನ ಯಾವ ವಸ್ತು ಅಥವಾ ಘಟನೆ ನೆನಪಾಯಿತೋ ಅದನ್ನು ಬರಿ. ಕೊನೆಗೆ, ಇವೆರಡೂ ಎಲ್ಲಿ ಹೊಂದುವುದಿಲ್ಲ ಅಂತ ಬರಿ. ಈ ಮೂರನೆಯದೇ ನಿಜವಾದ ಕೆಲಸ. ಮೊದಲ ಎರಡನ್ನು ಯಾರು ಬೇಕಾದರೂ ಬರೆಯುತ್ತಾರೆ. ಮೂರನೆಯದಕ್ಕೆ ಬಂದಾಗ ಕ್ಲಾಸು ಸುಮ್ಮನಾಗುತ್ತದೆ, ಪೆನ್ನು ಕಚ್ಚುತ್ತಾ ಕೂರುತ್ತಾರೆ, ಅವಸರ ಮಾಡಬೇಡಿ.

ಒಂದು ಉದಾಹರಣೆ. ಹರಪನಹಳ್ಳಿ ಕಡೆಯ ಒಬ್ಬ ಹುಡುಗ ಹಿನ್ನೆಲೆ ಕೇಳಿದವನೇ ಬರೆದ: ನಮ್ಮಜ್ಜನದೂ ಇದೇ ಕಥೆ ಮೇಡಂ, ಅವರು ಮನೆ ಬಿಟ್ಟು ಎಲ್ಲೂ ಹೋಗಿಲ್ಲ, ಜಿಲ್ಲೆಯೇ ಬದಲಾಗುತ್ತಾ ಹೋಯಿತು. ಮಾತು ಸುಳ್ಳಲ್ಲ. ಆ ತಾಲ್ಲೂಕು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಈ ಕಡೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಓದಿ ನನಗೂ ಖುಷಿ ಆಯಿತು. ಆದರೆ ಅಲ್ಲಿಗೇ ಬಿಟ್ಟಿದ್ದರೆ ಅದು ಒಂದು ಚಂದದ ಹೋಲಿಕೆ ಅಷ್ಟೇ ಆಗುತ್ತಿತ್ತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕೇಳಿದೆ: ‘ಅಜ್ಜನ ಹೊಲ ಹೋಯಿತಾ? ಕನ್ನಡ ಮಾತಾಡಿದ್ದಕ್ಕೆ ಯಾರಾದರೂ ನಕ್ಕರಾ?’ ಮುಂದಿನ ವಾರ ಅವನು ತಿದ್ದಿ ತಂದ. ಹೊಲ ಹೋಗಲಿಲ್ಲ, ಪಹಣಿಯಲ್ಲಿ ಜಿಲ್ಲೆಯ ಹೆಸರು ಬದಲಾಯಿತು, ಕೆಲಸಕ್ಕೆ ಹತ್ತಬೇಕಾದ ಬಸ್ಸು ಬದಲಾಯಿತು, ಅಜ್ಜ ಮಾತ್ರ ಯಾರಾದರೂ ಕೇಳಿದರೆ ಇವತ್ತಿಗೂ ಬಳ್ಳಾರಿ ಜಿಲ್ಲೆ ಎಂದೇ ಹೇಳುತ್ತಾರೆ, ನಾವು ಕಳೆದುಕೊಂಡದ್ದು ಕಡಿಮೆ ಅಂತ ಬರೆದಿದ್ದ. ಆ ‘ಕಡಿಮೆ’ ಅನ್ನುವ ಪದ ಬರೆಯಲು ಅವನಿಗೆ ಒಂದು ವಾರ ಬೇಕಾಯಿತು.

ಯಾವ ತುಣುಕಿನಿಂದ ಶುರು ಮಾಡಬೇಕು? ‘ಹೇರ್ಸ್’ ಒಳ್ಳೆಯದು. ಮನೆಯ ಒಬ್ಬೊಬ್ಬರ ಕೂದಲು ಹೇಗಿದೆ ಎಂಬುದಷ್ಟೇ ಅದರಲ್ಲಿ ಇರುವುದು, ಅಮ್ಮನ ಕೂದಲಿಗೆ ಬ್ರೆಡ್ಡಿನ ವಾಸನೆ. ಹೆದರುವ ಮಕ್ಕಳೂ ಇದಕ್ಕೆ ಬರೆಯುತ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಅಪ್ಪನ ಅಂಗಿ ಎಷ್ಟು ಒಗೆದರೂ ಹೊಗೆ ವಾಸನೆ ಬಿಡುವುದಿಲ್ಲ, ಅಂಗಿ ತಂತಿ ಮೇಲಿದ್ದರೆ ಅಪ್ಪ ಮನೆಯಲ್ಲೇ ಇದ್ದಾರೆ ಅನ್ನಿಸುತ್ತದೆ ಎಂದು ಒಬ್ಬಳು ಬರೆದಳು. ಅವಳು ಅದುವರೆಗೆ ಕ್ಲಾಸಿನಲ್ಲಿ ಬಾಯಿ ಬಿಟ್ಟಿರಲಿಲ್ಲ.

ಆಮೇಲೆ ‘ಮೈ ನೇಮ್’. ಇದಕ್ಕೆ ಎರಡು ಪೀರಿಯಡ್ ಇಡಿ, ಕಡಿಮೆ ಸಾಲದು. ಎಸ್ಪೆರಾಂಜಾ ಎಂದರೆ ಇಂಗ್ಲಿಷಿನಲ್ಲಿ ಭರವಸೆ, ಆದರೆ ಅವಳಿಗೆ ಸ್ಪ್ಯಾನಿಷಿನಲ್ಲಿ ಆ ಹೆಸರು ದುಃಖದ ಹಾಗೆ, ಕಾಯುವಿಕೆಯ ಹಾಗೆ ಕೇಳಿಸುತ್ತದೆ. ಅದು ಮುತ್ತಜ್ಜಿಯ ಹೆಸರು. ಮುತ್ತಜ್ಜಿಗೆ ಮದುವೆಯೇ ಬೇಕಿರಲಿಲ್ಲ, ಮುತ್ತಜ್ಜ ತಲೆ ಮೇಲೆ ಚೀಲ ಹಾಕಿ ಹೊತ್ತುಕೊಂಡು ಹೋದನಂತೆ, ಆಮೇಲೆ ಅವಳು ಬದುಕೆಲ್ಲ ಕಿಟಕಿಯಲ್ಲಿ ಕೂತು ಹೊರಗೆ ನೋಡಿದಳು. ಹೆಸರು ಬಂದಿದೆ, ಕಿಟಕಿ ಪಕ್ಕದ ಜಾಗ ಮಾತ್ರ ನನಗೆ ಬೇಡ ಅನ್ನುತ್ತಾಳೆ ಹುಡುಗಿ. ಶಾಲೆಯಲ್ಲಿ ಆ ಹೆಸರು ಉಚ್ಚರಿಸುವ ರೀತಿ ಬೇರೆ ಅವಳಿಗೆ ಹಿಂಸೆ.

ನಮ್ಮ ಮಕ್ಕಳ ಹತ್ತಿರ ಹೆಸರಿನ ಕಥೆಗಳಿಗೆ ಬರವಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಾಗಿ, ಆಧಾರ್‌ನಲ್ಲಿ ಇನ್ನೊಂದಾಗಿ, ಸ್ಕಾಲರ್‌ಶಿಪ್ ನಿಂತವರು ಪ್ರತಿ ಕ್ಲಾಸಿನಲ್ಲೂ ಇದ್ದೇ ಇರುತ್ತಾರೆ. ತಾಂಡಾದ ಹುಡುಗನಿಗೆ ಮನೆಯಲ್ಲಿ ಒಂದು ಹೆಸರು, ಹಾಜರಿಯಲ್ಲಿ ಇನ್ನೊಂದು. ನನಗೆ ಬಹಳ ಇಷ್ಟವಾದದ್ದು ಅಜ್ಜಿಯ ಹೆಸರಿಟ್ಟುಕೊಂಡ ಒಬ್ಬಳ ಹಾಳೆ. ಅತ್ತೆಯ ಹೆಸರು ಹಿಡಿದು ಸೊಸೆ ಕರೆಯಬಾರದಲ್ಲ, ಹಾಗಾಗಿ ಅವಳಮ್ಮ ಅವಳನ್ನು ಹುಟ್ಟಿದಾಗಿನಿಂದ ‘ಪುಟ್ಟಿ’ ಎಂದೇ ಕರೆಯುತ್ತಾರೆ. ಮೂರನೇ ಪ್ರಶ್ನೆಗೆ ಅವಳ ಉತ್ತರ: ಎಸ್ಪೆರಾಂಜಾಳ ಹೆಸರನ್ನು ಹೊರಗಿನವರು ಕೆಡಿಸುತ್ತಾರೆ, ನನ್ನ ಹೆಸರನ್ನು ಹೊರಗಿನವರು ಮಾತ್ರ ಕರೆಯುತ್ತಾರೆ. ನಾನು ಓದಿ ಒಂದು ಲೋಟ ಚಹಾ ಕುಡಿದು ಬಂದು ಮತ್ತೆ ಓದಿದೆ.

‘ಎ ರೈಸ್ ಸ್ಯಾಂಡ್‌ವಿಚ್’ನಲ್ಲಿ ಶಾಲೆಯ ಸಿಸ್ಟರ್ ಕಿಟಕಿಯಿಂದ ಕೈ ತೋರಿಸಿ ‘ನಿಮ್ಮನೆ ಅದೇನಾ?’ ಎಂದು ಒಂದು ಹಾಳು ಸಾಲುಮನೆ ಕಡೆ ಬೆರಳು ಮಾಡುತ್ತಾಳೆ. ಅದು ಎಸ್ಪೆರಾಂಜಾಳ ಮನೆ ಅಲ್ಲ. ಆದರೂ ಹುಡುಗಿ ಹೂಂ ಎಂದು ತಲೆ ಆಡಿಸಿ ಅಳುತ್ತಾಳೆ. ಇಲ್ಲಿ ಸುಮ್ನೆ ಒಂದು ಪ್ರಶ್ನೆ ಕೇಳಿ: ಯಾಕೆ ಹೂಂ ಅಂದಳು? ಉತ್ತರ ನೀವು ಹೇಳಬೇಡಿ. ನಮ್ಮಲ್ಲಿ ಇದರ ತಿರುಗುಮುರುಗು ನಡೆಯುತ್ತದೆ. ಮನೆ ಎಲ್ಲಿ ಎಂದರೆ ವಿದ್ಯಾನಗರದಂಥ ಒಳ್ಳೆಯ ಬಡಾವಣೆಯ ಹೆಸರು ಹೇಳುವುದು, ಇಳಿಯುವುದು ಬೇರೆ ಸ್ಟಾಪಿನಲ್ಲಿ. ಹಾಗೆ ಮಾಡುತ್ತಿದ್ದವನು ಒಬ್ಬ ಬರೆದೇಬಿಟ್ಟ. ಇದನ್ನು ದಯವಿಟ್ಟು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸಬೇಡಿ.

‘ದೋಸ್ ಹೂ ಡೋಂಟ್’ ಬಹಳ ಚಿಕ್ಕದು, ಆದರೆ ಖಾರ ಜಾಸ್ತಿ. ಹೊರಗಿನವರು ನಮ್ಮ ಬೀದಿಗೆ ಬರಲು ಹೆದರುತ್ತಾರೆ, ನಮಗೆ ಇಲ್ಲಿ ಎಲ್ಲರೂ ಗೊತ್ತು, ಭಯವಿಲ್ಲ. ಇಷ್ಟಕ್ಕೆ ಮಕ್ಕಳು ಜೋರಾಗಿ ತಲೆಯಾಡಿಸುತ್ತಾರೆ. ರೈಲು ಹಳಿಯ ಆ ಕಡೆ, ಈ ಕಡೆ ಎಂಬ ಮಾತು ನಮ್ಮೂರಲ್ಲಿ ಹೊಸದೇನಲ್ಲ. ಆದರೆ ತುಣುಕಿನ ಕೊನೆಗೆ ಬನ್ನಿ. ಬೇರೆ ಬಣ್ಣದವರ ಬೀದಿಗೆ ಹೋದಾಗ ಇವರೂ ನಡುಗುತ್ತಾರೆ, ಕಾರಿನ ಗಾಜು ಏರಿಸುತ್ತಾರೆ. ಇದನ್ನು ಬಿಟ್ಟು ಬರೆದ ಹಾಳೆಯನ್ನು ನಾನು ವಾಪಸ್ ಕೊಡುತ್ತೇನೆ: ‘ನೀನು ಯಾವ ಓಣಿಗೆ ಹೋಗುವಾಗ ಗಾಜು ಏರಿಸುತ್ತೀಯಾ?’

ಭಾಷೆ ವಿಷಯಕ್ಕೆ ನನ್ನ ಸಲಹೆ ಒಂದೇ: ಕನ್ನಡದಲ್ಲಿ ಬರೆಯಲು ಬಿಡಿ. ಉರ್ದು, ಲಂಬಾಣಿ, ತೆಲುಗು ಪದ ನಡುವೆ ಬಂದರೆ ಬರಲಿ. ಲೇಖಕಿಯೇ ಸ್ಪ್ಯಾನಿಷ್ ಪದಗಳನ್ನು ನಡುನಡುವೆ ಹಾಕಿದ್ದಾರೆ, ನಾವ್ಯಾಕೆ ಬಿಗಿ ಮಾಡಬೇಕು? ಇಂಗ್ಲಿಷಿನಲ್ಲೇ ಬರೆಯಿರಿ ಎಂದಾಗ ನನಗೆ ಸಿಕ್ಕಿದ್ದು ಗೈಡಿನ ವಾಕ್ಯಗಳು. ಮೊದಲು ಕನ್ನಡ, ಆಮೇಲೆ ಅದರಲ್ಲಿ ಐದು ಸಾಲು ಇಂಗ್ಲಿಷಿಗೆ ತರುವುದು ಎಂದು ಮಾಡಿಕೊಂಡೆ. ‘ನೋ ಸ್ಪೀಕ್ ಇಂಗ್ಲಿಷ್’ ತುಣುಕಿನಲ್ಲಿ ಎಸ್ಪೆರಾಂಜಾಳ ಅಪ್ಪ ಹೊಸದಾಗಿ ಬಂದಾಗ ಮೂರು ತಿಂಗಳು ಹ್ಯಾಮ್ ಮತ್ತು ಮೊಟ್ಟೆಯನ್ನೇ ತಿಂದ ಸಂಗತಿ ಇದೆ, ಯಾಕೆಂದರೆ ಅವನಿಗೆ ಗೊತ್ತಿದ್ದದ್ದು ಅದೊಂದೇ ಪದ. ಪುಣೆಗೆ ಕೆಲಸಕ್ಕೆ ಹೋದ ಮಾವ ಒಂದು ತಿಂಗಳು ವಡಾ ಪಾವ್ ಮೇಲೇ ಬದುಕಿದ ಕಥೆ ಇದಕ್ಕೆ ಬಂತು. ಇಡೀ ಕ್ಲಾಸು ನಕ್ಕಿತು, ಒಳ್ಳೆಯದೇ.

ಬರೆಸುವುದು ಕ್ಲಾಸಿನಲ್ಲೇ, ಕೈಬರಹದಲ್ಲಿ, 15 ನಿಮಿಷ. ಮನೆಗೆ ಕೊಟ್ಟರೆ ಎಐ ಬರೆದುಕೊಡುತ್ತದೆ, ಮತ್ತೆ ‘ಮನ ಮುಟ್ಟಿತು’. ಅಂಕ 10 ಇದ್ದರೆ ನಾನು 5 ಅಂಕ ಮೂರನೇ ಭಾಗಕ್ಕೇ ಇಡುತ್ತೇನೆ. ಕಾಗುಣಿತಕ್ಕೆ ಕಳೆಯುವುದಿಲ್ಲ. ಬದುಕು ಎಷ್ಟು ಕಷ್ಟದ್ದು ಅನ್ನುವುದಕ್ಕೂ ಅಂಕ ಇಲ್ಲ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಬಡತನದ ಸ್ಪರ್ಧೆ ಶುರುವಾಗುತ್ತದೆ. ಅನುಕೂಲವಂತರ ಮನೆಯ ಮಕ್ಕಳು ಆಗ ಸುಳ್ಳು ಬರೆಯುತ್ತಾರೆ, ಪಾಪ.

ಒಂದು ಎಚ್ಚರಿಕೆ. ಪುಸ್ತಕದಲ್ಲಿ ಹುಡುಗಿಯರ ಮೇಲಿನ ದೌರ್ಜನ್ಯವೂ ಇದೆ. ‘ರೆಡ್ ಕ್ಲೌನ್ಸ್’ ಅಂಥದ್ದು, ಎಸ್ಪೆರಾಂಜಾಳ ಗೆಳತಿ ಸ್ಯಾಲಿಯನ್ನು ಅವಳಪ್ಪ ಹೊಡೆಯುವ ತುಣುಕೂ ಅಂಥದ್ದೇ. ಇವನ್ನು ಬರೆಸುವ ಪಟ್ಟಿಗೆ ಹಾಕಬೇಡಿ. ಓದುವವರಿಗೆ ಮೊದಲೇ ತಿಳಿಸಿ. ಆದರೂ ಯಾರಾದರೂ ತಮಗೆ ಆದದ್ದನ್ನು ಬರೆದುಕೊಡಬಹುದು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಪಿಯು ಮತ್ತು ಡಿಗ್ರಿ ಮೊದಲ ವರ್ಷದಲ್ಲಿ 18 ತುಂಬದವರು ಇರುತ್ತಾರೆ. ಅವರ ಮೇಲೆ ಲೈಂಗಿಕ ದೌರ್ಜನ್ಯ ಆಗಿರುವುದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ. ಮಕ್ಕಳ ಸಹಾಯವಾಣಿ 1098. ಮೊದಲು ಆ ಮಗುವಿನ ಜೊತೆ ಕೂತು, ಮುಂದೆ ಏನಾಗುತ್ತದೆ ಎಂದು ಹೇಳಿ.

ಕೊನೆಯದು ಹಾಳೆಗಳು. ಎಲ್ಲವನ್ನೂ ವಾಪಸ್ ಕೊಡಿ. ನೋಟಿಸ್ ಬೋರ್ಡಿಗೆ ಅಂಟಿಸಬೇಡಿ, ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಬೇಡಿ. ಇಲ್ಲಿ ಹೇಳಿದ ನಾಲ್ಕೈದನ್ನು ಅವರನ್ನು ಕೇಳಿಯೇ ಹೇಳಿದ್ದೇನೆ, ಹೆಸರು ಬಿಟ್ಟಿದ್ದೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಫೈಲಿಗೆ ಸ್ಯಾಂಪಲ್ ಬೇಕು ಎಂದು ಕಾಲೇಜಿನವರು ಕೇಳಿದರು. ಪ್ರಶ್ನೆ ಇರುವ ಖಾಲಿ ಹಾಳೆ ಒಂದನ್ನು ಹಾಕಿ ಕೊಟ್ಟೆ.