ಪಣಂಬೂರಿನ ಉಪ್ಪುಗಾಳಿಗೆ ರೀಚ್ ಸ್ಟ್ಯಾಕರ್: ಮಳೆಗಾಲಕ್ಕೆ ಮುನ್ನ ಏನೇನು ನೋಡಬೇಕು

ಮಂಗಳೂರು ಬಂದರಿರುವ ಪಣಂಬೂರಿನಂಥ ಕಡೆ ಬೂಮ್ ಎಂಬ ಉದ್ದ ತೋಳು ಚಾಚಿ ಕಂಟೇನರ್ ಎತ್ತಿ ಪೇರಿಸುವ ಯಂತ್ರವೇ ರೀಚ್ ಸ್ಟ್ಯಾಕರ್. ಅದರ ಮೇಲೆ 45 ಟನ್ ಎಂದು ಬರೆದಿರುತ್ತದೆ. ಬೂಮ್ ಒಳಗೆಳೆದುಕೊಂಡು ಮೊದಲ ಸಾಲಿನ ಕಂಟೇನರ್ ಎತ್ತುವಾಗಿನ ಲೆಕ್ಕ ಅದು. ಅದೇ ಯಂತ್ರ ಎರಡನೇ ಸಾಲಿಗೆ ಚಾಚಿದರೆ ಸಾಮಾನ್ಯವಾಗಿ 31 ಟನ್ನಿಗೆ ಇಳಿಯುತ್ತದೆ, ಮೂರನೆಯದಕ್ಕೆ 15–16ಕ್ಕೆ. ಏತದ ಹಾಗೆ ಇದೂ ತೂಗಾಟವೇ: ಮುಂದಿನ ಟಯರ್ ನಡುಗಂಬ, ಹಿಂದೆ ಎದುರುಭಾರ, ಮುಂದೆ ಕಂಟೇನರ್. ಹಲವು ಕಂಟೇನರುಗಳ ಗರಿಷ್ಠ ತೂಕ 30,480 ಕೆಜಿ ಇರುವುದರಿಂದ, ಯಂತ್ರ ಕೊಳ್ಳುವಾಗ 45ಕ್ಕಿಂತ ಆ 31ನ್ನೇ ಮೊದಲು ನೋಡಬೇಕು.

ಯಂತ್ರದ ಸ್ವಂತ ತೂಕವೇ 70 ಟನ್ ಆಸುಪಾಸು. ತುಂಬು ಭಾರ ಎತ್ತಿದಾಗ ಮುಂದಿನ ಆಕ್ಸಲ್ ಮೇಲೆ ಸುಮಾರು 100 ಟನ್ ಕೂರುತ್ತದೆ. ಅದಕ್ಕೇ ಆ ಆಕ್ಸಲನ್ನು ಚಾಸಿಗೆ ಅಲುಗದಂತೆ ಬೋಲ್ಟ್ ಮಾಡಿ ನಾಲ್ಕು ಟಯರ್ ಕೊಟ್ಟಿರುತ್ತಾರೆ. ಸ್ಟೀರಿಂಗ್ ಇರುವ ಹಿಂದಿನ ಆಕ್ಸಲಿಗೆ ಎರಡೇ.

ತೂಗಾಟದ ಲೆಕ್ಕ ಕಾಯುವುದು ಬೂಮಿನ ಕೋನ, ಉದ್ದ ಮತ್ತು ಲಿಫ್ಟ್ ಸಿಲಿಂಡರಿನ ಒತ್ತಡ ಅಳೆಯುವ ಸೆನ್ಸರುಗಳು. ಕಡಲ ಬದಿಯಲ್ಲಿ ಇವುಗಳ ಕನೆಕ್ಟರುಗಳಿಗೇ ಮೊದಲು ಹಸಿರು ಕಿಲುಬು ಹಿಡಿಯುವುದು. ಮೇ ತಿಂಗಳಲ್ಲೇ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಯದ, ತೇವ ತಡೆಯುವ ಗ್ರೀಸ್) ಹಚ್ಚಿ ಮುಚ್ಚಿ. ಆಮೇಲೆ ವೇಬ್ರಿಡ್ಜಿನಲ್ಲಿ ತೂಗಿದ ಹಗುರ ಕಂಟೇನರೊಂದನ್ನು ನೆಲದಿಂದ ತುಸು ಎತ್ತಿ, ನಿಧಾನಕ್ಕೆ ಬೂಮ್ ಚಾಚಿ. ಪರದೆಯ ಮೇಲಿನ ತೂಕ ಹೆಚ್ಚುಕಡಿಮೆ ಒಂದೇ ಇರಬೇಕು. ಚಾಚಿದಷ್ಟೂ ಅಂಕಿ ಜಾರುತ್ತಿದ್ದರೆ ಉದ್ದದ ಅಥವಾ ಕೋನದ ಸೆನ್ಸರ್ ಸುಳ್ಳು ಹೇಳುತ್ತಿದೆ. ಹೀಗೆ ಎರಡು ಸಲ ಭಾರ ಮೀರಿದೆ ಎಂಬ ಸುಳ್ಳು ಅಲಾರಂ ಕೇಳಿದ ಆಪರೇಟರ್, ಆ ತಡೆಯನ್ನು ಬದಿಗೊತ್ತುವ ಬೈಪಾಸ್ ಕೀ ತಿರುಗಿಸುವುದು ಹಲವು ಯಾರ್ಡುಗಳಲ್ಲಿ ಇದ್ದದ್ದೇ. ಆ ಕೀ ಸೂಪರ್‌ವೈಸರ್ ಬಳಿಯೇ ಇರಲಿ.

ಸ್ಪ್ರೆಡರ್ ಎಂದರೆ ಬೂಮಿನ ತುದಿಯಲ್ಲಿ ಕಂಟೇನರ್ ಹಿಡಿಯುವ ಚೌಕಟ್ಟು; ಅದರ ಮೂಲೆಗಳಲ್ಲಿ ತಿರುಗಿ ಕಂಟೇನರಿಗೆ ಕಚ್ಚಿಕೊಳ್ಳುವ ನಾಲ್ಕು ಟ್ವಿಸ್ಟ್‌ಲಾಕ್‌ಗಳನ್ನು ಪ್ರತಿ ಶಿಫ್ಟಿಗೂ ನೋಡಿ. ಭಾರವಿಲ್ಲದಾಗ ಲಾಕ್ ತನ್ನ ಗೂಡಿನಲ್ಲಿ ತುಸು ಅಲುಗಾಡಬೇಕು. ತುಕ್ಕಿಗೆ ಕಚ್ಚಿಕೊಂಡಿದ್ದರೆ ಕಂಟೇನರಿನ ಮೂಲೆಗೆ ಹೊಂದಿಕೊಳ್ಳದೆ, ಭಾರವೆಲ್ಲ ಎರಡು ಮೂರು ಲಾಕುಗಳ ಮೇಲೆ ಬಿದ್ದು ಕತ್ತಿನಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಅದು ಬರಿಗಣ್ಣಿಗೆ ಕಾಣದು. ತಯಾರಕರು ಹೇಳಿದಷ್ಟು ಗಂಟೆ ಯಂತ್ರ ಓಡಿದಾಗಲೆಲ್ಲ ಕಳಚಿ ಡೈ ಪೆನಿಟ್ರೆಂಟ್ ಪರೀಕ್ಷೆ (ಬಣ್ಣದ ದ್ರವ ಹಚ್ಚಿ ಬಿರುಕು ಕಾಣಿಸುವ ವಿಧಾನ) ಮಾಡಿಸಿ. ಬಿರುಕು ಬಿಟ್ಟದ್ದಕ್ಕೆ ವೆಲ್ಡಿಂಗ್ ಬೇಡ, ಎಸೆಯಿರಿ.

ಟಯರಿನ ಅಳತೆ ಹೆಚ್ಚಾಗಿ 18.00-25, ಗಾಳಿ ಸುಮಾರು 10 ಬಾರ್, ಅಂದರೆ 145 ಪಿಎಸ್‌ಐ, ತಣ್ಣಗಿರುವಾಗ ಅಳೆದದ್ದು. ಮುಂದಿನ ಜೋಡಿಯಲ್ಲಿ ಒಳಟಯರಿನ ಗಾಳಿ ಇಳಿದರೆ ಹೊರಟಯರ್ ಎತ್ತಿ ಹಿಡಿದಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಗೇಜ್ ಹಾಕಲೇಬೇಕು. ಚಕ್ರ ಕಳಚುವ ಮುನ್ನ ಜೋಡಿಯ ಎರಡೂ ಟಯರುಗಳ ವಾಲ್ವ್ ಕೋರ್ ತೆಗೆದು ಗಾಳಿ ಪೂರ್ತಿ ಬಿಡಿ, ಆಮೇಲಷ್ಟೇ ನಟ್ಟಿಗೆ ಕೈ. ಈ ರಿಮ್ಮುಗಳು ತುಂಡುತುಂಡಾಗಿ ಕೂಡಿಸಿದವು. ಒಳಗೆ ಗಾಳಿ ಇರುವಾಗ ಆ ತುಂಡುಗಳನ್ನು ಹಿಡಿದಿಡುವ ಲಾಕ್ ರಿಂಗ್ ಸಿಡಿದರೆ ಎದುರಿದ್ದವರು ಉಳಿಯುವುದು ಕಷ್ಟ. ಗಾಳಿ ತುಂಬುವಾಗ ಟಯರಿಗೆ ಪಂಜರ, ಉದ್ದದ ಹೋಸ್, ಪಕ್ಕಕ್ಕೆ ನಿಲ್ಲುವುದು.

ತೊಳೆಯಲು ಸಿಹಿನೀರೇ ಬೇಕು. ಜೆಟ್ಟನ್ನು ಕನೆಕ್ಟರ್, ಬೇರಿಂಗ್, ಸೀಲುಗಳಿಗೆ ನೇರವಾಗಿ ಹಿಡಿಯಬೇಡಿ. ತೊಳೆದ ಮೇಲೆ ಗ್ರೀಸ್ ಮಾಡಿ. ಹಳೆಯದು ಹೊರಬಂದು ಹೊಸದು ಕಾಣುವವರೆಗೆ ಒತ್ತಿದರೆ ನೀರೂ ಹೊರಗೆ ಬರುತ್ತದೆ. ಪೆಡಲಿನ ಬ್ರೇಕಿನ ಡಿಸ್ಕುಗಳು ಸಾಮಾನ್ಯವಾಗಿ ಎಣ್ಣೆಯಲ್ಲಿ ಮುಳುಗಿರುವುದರಿಂದ ಉಪ್ಪು ತಾಗದು, ಆದರೆ ಪಾರ್ಕಿಂಗ್ ಬ್ರೇಕಿನ ಡಿಸ್ಕ್ ಹೆಚ್ಚಾಗಿ ಹೊರಗೇ ಇರುತ್ತದೆ, ಅದಕ್ಕೆ ತುಕ್ಕು ಹಿಡಿದಿದೆಯೇ ನೋಡಿ. ಬ್ರೇಕಿನ ಎಣ್ಣೆಯ ಮಟ್ಟವನ್ನೂ ನೋಡಿ. ಹೈಡ್ರಾಲಿಕ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ: ಎಣ್ಣೆಯ ಜೊತೆ ಫಿಲ್ಟರ್, ಟ್ಯಾಂಕಿಗೆ ಗಾಳಿ ಆಡಿಸುವ ಬ್ರೀದರ್ ಎರಡನ್ನೂ ಬದಲಿಸಿ.

ಶಿಫ್ಟ್ ಮುಗಿದ ಮೇಲೆ ಬೂಮ್ ಪೂರ್ತಿ ಒಳಗೆಳೆದು ಕೆಳಗಿಳಿಸಿ ನಿಲ್ಲಿಸಿ. ಸಿಲಿಂಡರ್ ರಾಡ್ ಹೊರಗಿದ್ದಷ್ಟೂ ಅದರ ಕ್ರೋಮ್ ಉಪ್ಪಿಗೆ ಚುಕ್ಕಿಚುಕ್ಕಿಯಾಗಿ ಏಳುತ್ತದೆ; ಆ ಚುಕ್ಕಿಗಳು ಸೀಲನ್ನು ಕೊಯ್ದು ಸೋರಿಕೆ ಶುರುವಾಗುತ್ತದೆ. ವಾರಗಟ್ಟಲೆ ನಿಲ್ಲುವ ಯಂತ್ರವಾದರೆ ಹೊರಗುಳಿದ ರಾಡಿಗೆ ಎಣ್ಣೆ ಸವರಿಡಿ.