ನಿಂತ ವಿಮಾನದಲ್ಲಿ ಜನರ ಜೊತೆ ಮಾತಾಡುವುದು ಹೇಗೆ

ಮೈಸೂರಿನ ಸರಸ್ವತೀಪುರಂನ ನಮ್ಮ ಮನೆ ಮಹಡಿಯಲ್ಲಿ ಕ್ಯಾಬಿನ್ ಕ್ರೂ, ಅಂದರೆ ವಿಮಾನದೊಳಗೆ ಪ್ರಯಾಣಿಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಮಂಡ್ಯ, ಮದ್ದೂರು, ಟಿ. ನರಸೀಪುರದ ಕಡೆಯವರೇ ಜಾಸ್ತಿ. ನಾನೂ ಇದೇ ಕೆಲಸ ಮಾಡಿದವಳು. ಆಕಾಶದಲ್ಲಿ ಏನಾದರೂ ಆದರೆ ಏನು ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ನಾನು ಶುರು ಮಾಡುವುದು ನೆಲದ ಮೇಲೆ ಸುಮ್ನೆ ನಿಂತಿರುವ ವಿಮಾನದಿಂದ.

2007ರ ಆಗಸ್ಟ್ 20ರಂದು ಜಪಾನಿನ ನಾಹಾದಲ್ಲಿ ಒಂದು ಬೋಯಿಂಗ್ 737 ಸರಿಯಾಗಿ ಇಳಿದು ತನ್ನ ಜಾಗಕ್ಕೆ ಬಂದು ನಿಂತಿತು. ರೆಕ್ಕೆಯೊಳಗೆ ಕಳಚಿಕೊಂಡಿದ್ದ ಬೋಲ್ಟ್ ಒಂದು ಇಂಧನದ ಟ್ಯಾಂಕನ್ನು ತೂತು ಮಾಡಿತ್ತು. ಸೋರಿದ ಇಂಧನಕ್ಕೆ ಬೆಂಕಿ ಹತ್ತಿತು. ಒಳಗಿದ್ದ 165 ಜನರೂ ಉಳಿದರು. ಆದ್ದರಿಂದ ವಿಮಾನ ನಿಂತಿದೆ ಎಂದು ನಿಮ್ಮ ಗಮನ ಸಡಿಲವಾಗಬಾರದು.

ಜನ ಹತ್ತುವಾಗಲೇ ಕೆಲಸ ಶುರು. ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ಉದ್ದ 1,740 ಮೀಟರ್. ಅಲ್ಲಿಗೆ ಬರುವುದು ಎಟಿಆರ್ 72 ತರಹದ ಚಿಕ್ಕ ವಿಮಾನ. ಅದಕ್ಕೆ ಜನ ಹತ್ತುವ ಬಾಗಿಲು ಹಿಂದೆ. ತುರ್ತು ಬಾಗಿಲು ಮುಂದೆಯೂ ಇವೆ. ಹಿಂದಿನಿಂದ ಹತ್ತಿದವರಿಗೆ ಅದೊಂದೇ ದಾರಿ ಅನ್ನಿಸುತ್ತದೆ. ಹಾಗಾಗಿ ಮುಂದಿನ ಸಾಲಿನವರ ಹತ್ತಿರ ಹೋಗಿ, ಮುಖ ನೋಡಿ, ಬಾಗಿಲು ತೋರಿಸಿ ಹೇಳಿ. ಸುರಕ್ಷತೆಯ ಕಾರ್ಡ್ ಕೊಟ್ಟು ಬಂದರೆ ಸಾಲದು. ಆ ವಿಮಾನದಲ್ಲಿ ಸಾಮಾನ್ಯವಾಗಿ ನೀವು ಇಬ್ಬರೇ ಇರುತ್ತೀರಿ. ಎದುರು ಕುಳಿತವರು ನಿಮ್ಮ ಮೂರನೇ ಕೈ.

ಜನ ಒಳಗಿರುವಾಗ ಇಂಧನ ತುಂಬುವುದುಂಟು. ಆಗ ಬೆಲ್ಟ್ ಬಿಚ್ಚಿಸಬೇಕು, ನಡುದಾರಿಯಲ್ಲಿ ಬ್ಯಾಗ್ ಇರಬಾರದು, ನೀವು ಬಾಗಿಲ ಹತ್ತಿರವೇ ಇರಬೇಕು. ಬೆಲ್ಟ್ ಬಿಚ್ಚಿ ಎಂದಷ್ಟೇ ಹೇಳಿದರೆ ಹಿರಿಯರು ಗಾಬರಿಯಾಗುತ್ತಾರೆ. ಕಾರಣ ಸೇರಿಸಿ: "ಈಗ ಇಂಧನ ತುಂಬುತ್ತಿದ್ದಾರೆ. ಬೇಕಾದರೆ ಬೇಗ ಇಳಿಯಲು ಅನುಕೂಲವಾಗಲಿ ಅಂತ ಬೆಲ್ಟ್ ಬಿಚ್ಚಿರಿ. ಆದ ಮೇಲೆ ನಾನೇ ಬಂದು ಹಾಕಿಸುತ್ತೇನೆ."

ಕಷ್ಟ ಇರುವುದು ತಡವಾದಾಗ. ಬಾಗಿಲು ಹಾಕಿದೆ, ವಿಮಾನ ಕದಲುತ್ತಿಲ್ಲ, ಯಾರೂ ಏನೂ ಹೇಳುತ್ತಿಲ್ಲ. ಜನರಿಗೆ ಸಿಟ್ಟು ಬರುವುದು ತಡಕ್ಕಲ್ಲ, ಈ ಮೌನಕ್ಕೆ. ಅವರು ಗಡಿಯಾರ ನೋಡಿಕೊಳ್ಳುವ ಮೊದಲೇ ಮೈಕ್ ಹಿಡಿಯಿರಿ. ಏನಾಗಿದೆ, ಈಗ ಏನು ಮಾಡುತ್ತಿದ್ದಾರೆ, ಮತ್ತೆ ಯಾವಾಗ ಹೇಳುತ್ತೇನೆ, ಇಷ್ಟು ಸಾಕು. "ಚೆನ್ನೈನಲ್ಲಿ ಮಳೆ ಇದೆ, ಹೊರಡಲು ಅನುಮತಿ ಬಂದಿಲ್ಲ. ಇನ್ನು ಹದಿನೈದು ನಿಮಿಷಕ್ಕೆ ಮತ್ತೆ ತಿಳಿಸುತ್ತೇನೆ." ಹದಿನೈದು ನಿಮಿಷಕ್ಕೆ ಹೊಸ ಸುದ್ದಿ ಇಲ್ಲದಿದ್ದರೂ ಹೇಳಿ. ಹೊಸದೇನೂ ಇಲ್ಲ ಅನ್ನುವುದೂ ಸುದ್ದಿಯೇ. "ಇನ್ನೇನು ಐದೇ ನಿಮಿಷ" ಎಂಬ ಮಾತನ್ನು ಮಾತ್ರ ಬಾಯಿಗೆ ತರಬೇಡಿ. ಅದು ಎರಡನೇ ಸಲ ಸುಳ್ಳಾದ ಮೇಲೆ ನಿಮ್ಮ ಯಾವ ಮಾತನ್ನೂ ಯಾರೂ ನಂಬುವುದಿಲ್ಲ. ಮುಂದೆ "ಎದ್ದೇಳಿ, ಇಳಿಯಿರಿ" ಎಂದು ಕೂಗಬೇಕಾಗಿ ಬಂದರೆ ನಂಬಿಕೆ ಬೇಕಲ್ವಾ?

ಮೈಕ್ ಇಟ್ಟ ಮೇಲೆ ಒಂದು ಸುತ್ತು ನಡೆಯಿರಿ. ಪಾಂಡವಪುರದ ಅಜ್ಜಿಯೊಬ್ಬರು "ಯಾಕವ್ವಾ, ಇನ್ನೂ ಹೊಂಟಿಲ್ವಲ್ಲಾ?" ಎಂದು ಕೇಳಿದರೆ ಬಗ್ಗಿ, ಅವರ ಕಣ್ಣ ಮಟ್ಟಕ್ಕೆ ಬಂದು, ಕನ್ನಡದಲ್ಲೇ ಉತ್ತರಿಸಿ. ಇಂಗ್ಲಿಷ್ ಘೋಷಣೆ ಅರ್ಥವಾಗದವರು ಕೇಳಲು ನಾಚಿಕೊಂಡು ಸುಮ್ಮನಿರುತ್ತಾರೆ. ಅವರನ್ನು ನೀವೇ ಹುಡುಕಿ ಹೋಗಬೇಕು. ಮಾತ್ರೆ ನುಂಗುವವರು, ಬಸುರಿಯರು, ಕೈಗೂಸು ಇರುವವರು ಯಾವ ಸೀಟಿನಲ್ಲಿದ್ದಾರೆ ಎಂಬುದೂ ಈ ಸುತ್ತಿನಲ್ಲೇ ಗೊತ್ತಾಗುತ್ತದೆ.

ಏಪ್ರಿಲ್ ಬಿಸಿಲಲ್ಲಿ ಎಟಿಆರ್ ಬೇಗ ಬಿಸಿಯಾಗುತ್ತದೆ. ದೊಡ್ಡ ವಿಮಾನಗಳ ಬಾಲದಲ್ಲಿರುವ ಸಣ್ಣ ಎಂಜಿನ್ ಇದಕ್ಕಿಲ್ಲ. ಬಲಗಡೆಯ ಎಂಜಿನ್ನನ್ನೇ ಅದರ ಮುಂದಿನ ಪಂಖ (ಪ್ರೊಪೆಲ್ಲರ್) ತಿರುಗದಂತೆ ಹಿಡಿದು ಓಡಿಸಿ ಗಾಳಿ, ಕರೆಂಟು ಪಡೆಯುತ್ತಾರೆ. ಸೆಕೆ ಏರಿದರೆ ಕ್ಯಾಪ್ಟನ್‌ಗೆ ತಕ್ಷಣ ತಿಳಿಸಿ. ಯಾರಾದರೂ ಕೇಳಲಿ ಎಂದು ಕಾಯದೆ ನೀರು ಕೊಡಿ. ತಡ ತುಂಬಾ ಎಳೆದರೆ ಜನರನ್ನು ಇಳಿಸಿ ಟರ್ಮಿನಲ್‌ಗೆ ವಾಪಸ್ ಕಳಿಸಲು ಅವಕಾಶವಿದೆ. 2024ರಲ್ಲಿ ವಾಯುಯಾನ ಭದ್ರತಾ ಬ್ಯೂರೋ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ತೀರ್ಮಾನ ನಿಮ್ಮದಲ್ಲ, ಆದರೆ ಒಳಗಿನ ಸ್ಥಿತಿಯನ್ನು ಕಾಕ್‌ಪಿಟ್‌ಗೆ ಇದ್ದ ಹಾಗೆ ಹೇಳುವ ಜವಾಬ್ದಾರಿ ನಿಮ್ಮದೇ.

ಯಾರಾದರೂ ಕೂಗಾಡಿದರೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಮೊಬೈಲ್ ಎತ್ತಿ ವಿಡಿಯೋ ಮಾಡಿದರೆ ಕಿತ್ತುಕೊಳ್ಳಲು ಹೋಗಬೇಡಿ, ದನಿ ಏರಿಸಬೇಡಿ. ಬಾಗಿಲಿನ ಹಿಡಿಗೆ ಕೈ ಹಾಕಲು ಬಂದರೆ ಮಾತ್ರ ದನಿ ಗಟ್ಟಿಯಾಗಲಿ, ಮಾತು ಚಿಕ್ಕದಾಗಲಿ.

ಪವರ್ ಬ್ಯಾಂಕ್ ವಿಷಯಕ್ಕೆ ಬರುತ್ತೇನೆ. 2025ರ ಜನವರಿ 28ರಂದು ಕೊರಿಯಾದ ಗಿಮ್ಹೇಯಲ್ಲಿ ಹೊರಡಲು ಕಾಯುತ್ತಿದ್ದ ವಿಮಾನದ ಮೇಲಿನ ಬ್ಯಾಗ್ ಗೂಡಿನಲ್ಲಿ ಬೆಂಕಿ ಹುಟ್ಟಿತು. ಪವರ್ ಬ್ಯಾಂಕ್ ಕಾರಣವಿರಬಹುದು ಎಂದು ತನಿಖೆ ಹೇಳಿತು. ಒಳಗಿದ್ದ 176 ಜನರೂ ಪಾರಾದರು. ಆದ್ದರಿಂದ ಬ್ಯಾಗ್ ಮೇಲಿಡುವ ಹೊತ್ತಲ್ಲೇ ಹೇಳಿ: "ಪವರ್ ಬ್ಯಾಂಕ್ ಮೇಲೆ ಇಡಬೇಡಿ, ನಿಮ್ಮ ಕಣ್ಣೆದುರೇ ಇಟ್ಟುಕೊಳ್ಳಿ. ಬಿಸಿಯಾದರೆ ಕೂಡಲೇ ಕರೆಯಿರಿ."

ಮೈಕ್ ಕೈಕೊಡುತ್ತದೆ ಎಂದುಕೊಂಡೇ ತಯಾರಾಗಿ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ, ಉರಿಯುತ್ತಿದ್ದ ವಿಮಾನದಲ್ಲಿ ಮೈಕ್ ಕೆಲಸ ಮಾಡಲಿಲ್ಲ. ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲಿನಿಂದ ಕೂಗಿ, 379 ಜನರನ್ನೂ ಹೊರಗೆ ತಂದರು. ಕಂಪನಿ ಕಲಿಸಿದ ಕಮಾಂಡ್‌ಗಳನ್ನು ಅಕ್ಷರ ತಪ್ಪದೆ ಕಲಿಯಿರಿ. ಜೊತೆಗೆ ಕನ್ನಡದಲ್ಲೂ ಎರಡೆರಡೇ ಪದ ಗಟ್ಟಿ ಮಾಡಿಕೊಳ್ಳಿ: "ಬ್ಯಾಗ್ ಬಿಡಿ! ಈ ಕಡೆ! ಬೇಗ ಇಳೀರಿ!" ನನ್ನ ತರಗತಿಯಲ್ಲಿ ಕೊನೆಯ ಸಾಲಿನವರಿಗೆ ಕೇಳಿಸುವವರೆಗೆ ಕೂಗಿಸುತ್ತೇನೆ. ಮೆತ್ತಗಿನ ದನಿಯ ಹುಡುಗಿಯರಿಗೆ ಎರಡು ವಾರ ಜಾಸ್ತಿ ಬೇಕಾಗುತ್ತದೆ, ಆಮೇಲೆ ಬರುತ್ತದೆ.