ಮೈಸೂರಿಂದ ಊಟಿಗೆ ಹೊರಟವರು ಇದನ್ನೊಮ್ಮೆ ಓದಿ
ದಯವಿಟ್ಟು ಇ-ಪಾಸ್ (ಆನ್‌ಲೈನಿನಲ್ಲಿ ಪಡೆಯುವ ಪ್ರವೇಶದ ಅನುಮತಿ) ಅನ್ನು ಮನೆಯಲ್ಲೇ ಮಾಡಿಸಿಕೊಂಡು ಹೊರಡಿ. 2024ರ ಮೇ 7ರಿಂದ ಊಟಿ ಇರುವ ನೀಲಗಿರಿ ಜಿಲ್ಲೆಗೆ ಹೋಗುವ ಹೊರಗಿನ ಗಾಡಿಗಳಿಗೆಲ್ಲ ಕೇಳ್ತಿದ್ದಾರೆ. ಕಾಡಿನೊಳಗೆ ನೆಟ್‌ವರ್ಕ್ ನಂಬೋಕಾಗಲ್ಲ, ಆದ್ದರಿಂದ ಒಂದು ಪ್ರಿಂಟ್ ಇರಲಿ. ಆರ್‌ಸಿ, ಡಿಎಲ್, ಇನ್ಶೂರೆನ್ಸ್ ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತೆ. ಎಮಿಷನ್ ಸರ್ಟಿಫಿಕೇಟ್ ತಾರೀಖು ಮುಗಿದಿದೆಯಾ ಅಂತ ನೋಡಿಕೊಳ್ಳಿ, ಅದನ್ನೇ ಎಲ್ಲರೂ ಮರೆಯೋದು.

ನಮಗೆ ತೊಂದರೆ ಆಗಿದ್ದು ನೀರಿನಿಂದ. ತಮಿಳುನಾಡು ಗಡಿಯ ಕಕ್ಕನಹಳ್ಳ ಚೆಕ್‌ಪೋಸ್ಟ್‌ನವರು ಡಿಕ್ಕಿ ತೆಗೆಸಿ, ಅಮ್ಮ ಹುಣಸೆ ಚಿತ್ರಾನ್ನದ ಡಬ್ಬಿ ಪಕ್ಕ ಜೋಡಿಸಿಟ್ಟಿದ್ದ ಒಂದು ಲೀಟರಿನ ನಾಲ್ಕೂ ಬಾಟಲಿ ತೆಗೆದುಕೊಂಡರು. ನೀಲಗಿರಿಯಲ್ಲಿ ಆ ಪ್ಲಾಸ್ಟಿಕ್‌ಗೆ ನಿಷೇಧ, ಅವರು ಮಾಡಿದ್ದು ಸರಿಯೇ. ಸ್ಟೀಲ್ ಬಾಟಲಿ, ಇಲ್ಲ ಕೂಜದಲ್ಲಿ ನೀರು ತುಂಬಿಕೊಳ್ಳಿ. ತಿಂಡಿಗೂ ಪ್ಲಾಸ್ಟಿಕ್ ಕವರ್ ಬೇಡ, ಬಟ್ಟೆ ಚೀಲ ಸಾಕು.

ವಾಪಸ್ ಬರುವಾಗ ಹೊತ್ತು ನೋಡಿಕೊಳ್ಳಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಸುಲ್ತಾನ್ ಬತ್ತೇರಿ ಕಡೆಯದೂ ಅಷ್ಟೇ. ಎಚ್.ಡಿ. ಕೋಟೆ ಕಡೆ ಬಾವಲಿ ಗೇಟು ಸಂಜೆ 6ಕ್ಕೇ ಹಾಕ್ತಾರೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಗೇಟಿಗೆ ಒಂದು ಗಂಟೆ ಮೊದಲೇ ತಲುಪುವ ಹಾಗೆ ಹೊರಡಿ. ತಡವಾಯ್ತು ಅಂತ ಕಾಡಿನೊಳಗೆ ಜೋರಾಗಿ ಓಡಿಸಬೇಡಿ, ಸಂಜೆ ಹೊತ್ತಿಗೇ ಜಿಂಕೆ, ಆನೆ ರಸ್ತೆ ದಾಟೋದು.